ಸ್ಕ್ರೂಡ್ರೈವರ್ ಯಾರ ಕೈಯಲ್ಲಿ

ಮೇಷ್ಟ್ರು: ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಮ್ಮ. ಬೆಂಗಳೂರಿನ ಕಂಪನಿಯವರು ಬಳಸಿ ಬಿಟ್ಟ ಕಂಪ್ಯೂಟರನ್ನ ನಮ್ಮ ಮಧುಗಿರಿ ಕಡೆ ಮಕ್ಕಳಿಗೆ ತಂದುಕೊಡೋದು ಅಂದ್ರೆ, ದೊಡ್ಡ ಮನೆಯವರು ಉಟ್ಟು ಬಿಟ್ಟ ಬಟ್ಟೆ ಕೊಟ್ಟ ಹಾಗಲ್ಲವಾ? ಹೆಡ್‌ಮಾಸ್ಟರ್ ಆಗಿ ನಾನು ಯಾವ ಮುಖ ಇಟ್ಕೊಂಡು ಆ ಮಕ್ಕಳಿಗೆ "ತಗೊಳ್ಳಿ" ಅನ್ನಲಿ?

ಶಿಷ್ಯೆ: "ತಗೊಳ್ಳಿ" ಅನ್ನೋದಷ್ಟೇ ಆಗಿದ್ದರೆ ನಾನೂ ಈ ಕೆಲಸಕ್ಕೆ ಇಳೀತಿರಲಿಲ್ಲ ಮೇಷ್ಟ್ರೇ. "ಬಿಚ್ಚಿ" ಅನ್ನೋಕೆ ಬಂದಿದ್ದೀನಿ. ಹಳೇ ಯಂತ್ರ ಬೆಂಗಳೂರಲ್ಲೇ ರಿಪೇರಿಯಾಗಿ, ಫಳಫಳ ಒರೆಸಿಕೊಂಡು, ಪ್ಲಾಸ್ಟಿಕ್ ಸುತ್ತಿಕೊಂಡು ನಿಮ್ಮ ಶಾಲೆಗೆ ಬರೋದು ಬೇಡ. ಸರಿಮಾಡಬಹುದಾದ್ದನ್ನ ನಮ್ಮ ಸಂಸ್ಥೆಯಿಂದ ಆರಿಸಿ ಕಳಿಸ್ತೀವಿ, ಸರಿಮಾಡೋದು ಇಲ್ಲಿ ಆಗಲಿ. ಒಂಬತ್ತು, ಹತ್ತನೇ ಕ್ಲಾಸಿನವರು, ಊರಲ್ಲಿ ಪಿಯುಸಿ, ಐಟಿಐ ಓದ್ತಿರೋರು ಕೂತು, ಬಿಚ್ಚಿ, ಕೆಟ್ಟದ್ದು ಎಲ್ಲಿ ಅಂತ ಹುಡುಕಿ ನಡೆಸಲಿ. ಹಾಗೆ ನಡೆಸಿದ ಮೇಲೆ ಅದು ಯಾರು ಬಿಟ್ಟದ್ದು ಅಂತ ಯಾವ ಹುಡುಗನೂ ಕೇಳಲ್ಲ.

ಮೇಷ್ಟ್ರು: ಕಂಪನಿಯವರು ತೆಗೆದು ಹಾಕಿದ್ದಾರೆ ಅಂದ್ರೆ ಅದರಲ್ಲಿ ಇನ್ನೇನು ಉಳಿದಿರುತ್ತೆ?

ಶಿಷ್ಯೆ: ಬಹಳ ಉಳಿದಿರುತ್ತೆ. ದೊಡ್ಡ ಆಫೀಸುಗಳಲ್ಲಿ ಲ್ಯಾಪ್‌ಟಾಪ್ ಬದಲಾಯಿಸೋದು ಕೆಟ್ಟಿದೆ ಅಂತಲ್ಲ. ವಾರಂಟಿ ಮುಗೀತು, ಲೀಸ್ ಮುಗೀತು, ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಕರಗಿತು ಅಂತ. ಈಗ ಇನ್ನೊಂದು ಕಾರಣ ಸೇರಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಕೊಡ್ತಿದ್ದ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಾಕೋಣ ಅಂದ್ರೆ ಒಳಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಹೊಸ ತಲೆಮಾರಿನದಾಗಿರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗೆ. ಅದಕ್ಕಿಂತ ಹಿಂದಿನ ಐ5 ಯಂತ್ರ ಎಷ್ಟೇ ಗಟ್ಟಿಯಾಗಿ ಕೆಲಸ ಮಾಡ್ತಿದ್ದರೂ ಅದು ಸಾಲಿನಿಂದ ಹೊರಗೆ. ಕೆನಾಲಿಸ್ ಅನ್ನೋ ಮಾರುಕಟ್ಟೆ ಅಧ್ಯಯನ ಸಂಸ್ಥೆ ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರ್ ಹೀಗೆ ಕಸವಾಗಬಹುದು ಅಂತ 2023ರಲ್ಲೇ ಅಂದಾಜು ಕೊಟ್ಟಿತ್ತು. ಈ ಯಂತ್ರಗಳ ಲೋಹ, ಚಿಪ್, ಪರದೆ ಒಂದೂ ಮುಪ್ಪಾಗಿಲ್ಲ ಮೇಷ್ಟ್ರೇ. ನಡೆಸೋ ತಂತ್ರಾಂಶದವರು ಕೈಬಿಟ್ಟಿದ್ದಾರೆ, ಅಷ್ಟೆ.

ಮೇಷ್ಟ್ರು: ಇರಲಿ. ಆದರೆ ಈಗ ನಮ್ಮ ಹಳ್ಳಿ ಮನೆಮನೆಗೂ ಮೊಬೈಲ್ ಬಂದಿದೆ. ಬೇಕಾದ್ದೆಲ್ಲ ಅದರಲ್ಲೇ ಸಿಗುತ್ತೆ. ಇಷ್ಟು ತೂಕದ ಪೆಟ್ಟಿಗೆ ಯಾತಕ್ಕೆ?

ಶಿಷ್ಯೆ: ಕೊರೊನಾ ಕಾಲ ನೆನಪು ಮಾಡ್ಕೊಳ್ಳಿ. ವಿದ್ಯಾಗಮ ಅಂತ ನೀವೆಲ್ಲ ಊರೂರು ಸುತ್ತಿದ್ದಿರಿ.

ಮೇಷ್ಟ್ರು: 2020ರ ಆಗಸ್ಟ್. ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಎಲ್ಲಿ ನೆರಳೋ ಅಲ್ಲಿ ಪಾಠ. ಹೌದು, ಫೋನಿನಲ್ಲಿ ಪಾಠ ಕಳಿಸಿದರೆ ಮುಟ್ತಿರಲಿಲ್ಲ. ಫೋನ್ ಇರ್ತಿದ್ದದ್ದು ಅಪ್ಪನ ಜೇಬಲ್ಲಿ, ಅಪ್ಪ ಇರ್ತಿದ್ದದ್ದು ಹೊಲದಲ್ಲಿ. ರಾತ್ರಿ ಮನೆಗೆ ಬಂದ ಮೇಲೆ ಮೊದಲು ಗಂಡುಮಗ, ಆಮೇಲೆ ಹೆಣ್ಣುಮಗಳು. ಅಷ್ಟೊತ್ತಿಗೆ ಚಾರ್ಜು ಇಲ್ಲ, ಇಲ್ಲ ಡೇಟಾ ಇಲ್ಲ.

ಶಿಷ್ಯೆ: ಆ ಸರದಿಯಲ್ಲಿ ಕೊನೆಗೆ ನಿಂತೋಳೇ ನನ್ನ ಲೆಕ್ಕದಲ್ಲಿ ಮೊದಲನೆಯವಳು. ಇನ್ನೊಂದು ವಿಷಯ. ಫೋನು ನೋಡೋಕೆ, ಕೇಳೋಕೆ, ದುಡ್ಡು ಕಳಿಸೋಕೆ ಸಾಕು. ಹತ್ತು ಪುಟದ ವರದಿ ಬರೆಯೋಕೆ, ಸಂಘದ ಲೆಕ್ಕ ಪಟ್ಟಿ ಮಾಡೋಕೆ, ಒಂದು ಸಣ್ಣ ಪ್ರೋಗ್ರಾಂ ಬರೆದು ತಪ್ಪು ಹುಡುಕೋಕೆ ಕೀಬೋರ್ಡು ಬೇಕು, ಅಗಲ ಪರದೆ ಬೇಕು. ಪರೀಕ್ಷೆಗಳ ಕಡೆ ನೋಡಿ. ಜೆಇಇ ಮೇನ್, ಬ್ಯಾಂಕಿನ ಪರೀಕ್ಷೆ, ರೈಲ್ವೆ, ಸ್ಟಾಫ್ ಸೆಲೆಕ್ಷನ್, ಎಲ್ಲಾ ಕಂಪ್ಯೂಟರ್ ಮುಂದೆ. ಉತ್ತರ ಗೊತ್ತಿರೋ ಹುಡುಗಿ ಮೌಸ್ ಹಿಡಿಯೋದನ್ನ ಪರೀಕ್ಷಾ ಕೇಂದ್ರದಲ್ಲೇ ಮೊದಲು ಕಲೀಬೇಕು ಅಂದ್ರೆ ಅದು ಅನ್ಯಾಯ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017-18ರಲ್ಲಿ ಲೆಕ್ಕ ಹಾಕಿದಾಗ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ, ಪಟ್ಟಣದ ಮನೆಗಳಲ್ಲಿ 23.4ರಲ್ಲಿ. ಆಮೇಲೆ ಫೋನುಗಳು ಏರಿದ ಹಾಗೆ ಮನೆಯ ಕಂಪ್ಯೂಟರ್ ಏರಿದ್ದನ್ನ ನೀವು ನಿಮ್ಮೂರಲ್ಲಿ ಕಂಡಿದ್ದೀರಾ?

ಮೇಷ್ಟ್ರು: ಇಲ್ಲ. ಅರ್ಜಿ ಹಾಕಬೇಕಾದ್ರೆ ಇವತ್ತಿಗೂ ಸೈಬರ್ ಸೆಂಟರ್ ಮುಂದೆ ಸಾಲು. ಸ್ಕಾಲರ್‌ಶಿಪ್ ಪೋರ್ಟಲ್ಲಿಗೆ ಅರ್ಜಿ ತುಂಬೋ ದಿನಗಳಲ್ಲಿ ಮಕ್ಕಳು ಕ್ಲಾಸು ಬಿಟ್ಟು ಅಲ್ಲಿ ನಿಂತಿರ್ತಾರೆ. ಆದರೆ ನೀನು ಒಂದು ವಿಷಯ ಮರೀಬೇಡ. ನನ್ನ ಶಾಲೇಲೂ ಕಂಪ್ಯೂಟರ್ ರೂಮ್ ಇದೆ. ಒಂದು ಯೋಜನೆಯಲ್ಲಿ ಹೊಸ ಯಂತ್ರಗಳೇ ಬಂದಿದ್ವು. ಗುತ್ತಿಗೆಯವರು ಕಲಿಸೋಕೆ ಒಬ್ಬ ಹುಡುಗನನ್ನೂ ಇಟ್ಟಿದ್ದರು. ಅವಧಿ ಮುಗೀತು, ಅವನು ಹೋದ. ಯುಪಿಎಸ್ ಬ್ಯಾಟರಿ ಸತ್ತಿತು. ಒಂದೊಂದೇ ಯಂತ್ರ ಮಲಗಿತು. ಹಾಳಾದರೆ ಆಡಿಟ್‌ನಲ್ಲಿ ಕೇಳ್ತಾರೆ ಅನ್ನೋ ಭಯಕ್ಕೆ ಬೀಗ ಹಾಕಿದ್ದು, ಇವತ್ತೂ ಬೀಗ. ಹೊಸದೇ ಹೀಗಾದಾಗ ಹಳೇದರ ಗತಿ ಏನು?

ಶಿಷ್ಯೆ: ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಆ ರೂಮಿನಲ್ಲಿ ಯಂತ್ರ ಕೆಟ್ಟದ್ದಕ್ಕಿಂತ ಮುಂಚೆ ಕೆಟ್ಟದ್ದು ಏನು ಅಂದ್ರೆ, ಅದನ್ನ ಮುಟ್ಟೋ ಹಕ್ಕು ಊರಲ್ಲಿ ಯಾರಿಗೂ ಇರಲಿಲ್ಲ. ಯುಡೈಸ್ ಅನ್ನೋ ಶಾಲೆಗಳ ಸರ್ಕಾರಿ ಲೆಕ್ಕದಲ್ಲಿ 2023-24ಕ್ಕೆ ದೇಶದ ನೂರಕ್ಕೆ ಸುಮಾರು 57 ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು. ಇದೆ ಅನ್ನೋ ಕಾಲಮ್ಮಿಗೆ ಟಿಕ್ ಬೀಳುತ್ತೆ. ಬೀಗದ ಕೈ ಯಾರ ಹತ್ತಿರ ಅನ್ನೋ ಕಾಲಮ್ಮು ಆ ಫಾರಮ್ಮಿನಲ್ಲಿಲ್ಲ.

ಮೇಷ್ಟ್ರು: ಬೇರೆ ದೇಶದಲ್ಲೂ ಹೀಗೇನಾ?

ಶಿಷ್ಯೆ: ದೊಡ್ಡ ಪ್ರಮಾಣದಲ್ಲಿ ಹೀಗೇ ಆಗಿದೆ. 2005ರಲ್ಲಿ ನಿಕೋಲಸ್ ನೆಗ್ರೊಪಾಂಟೆ ನೂರು ಡಾಲರ್ ಲ್ಯಾಪ್‌ಟಾಪ್ ಕನಸು ಹೇಳಿದರು, ಮಗುವಿಗೊಂದು ಲ್ಯಾಪ್‌ಟಾಪ್ ಅಂತ. ಹಸಿರು-ಬಿಳಿ ಬಣ್ಣದ ಚಂದದ ಯಂತ್ರ. ಎಲ್ಲರಿಗಿಂತ ಹೆಚ್ಚು ಕೊಂಡದ್ದು ಪೆರು ದೇಶ. ಅಲ್ಲಿನ 319 ಹಳ್ಳಿ ಶಾಲೆಗಳನ್ನ ನೋಡಿ 2012ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಅಧ್ಯಯನ ಹೇಳಿದ್ದು, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಮೇಲೇರಿದ ಗುರುತು ಸಿಗಲಿಲ್ಲ ಅಂತ. ನನಗೆ ನೋವಾಗೋದು ಎಲ್ಲಿ ಗೊತ್ತಾ? ಆ ಯಂತ್ರವನ್ನ ಮಕ್ಕಳೇ ಬಿಚ್ಚಬಹುದಾದ ಹಾಗೆ ಮಾಡಿದ್ದರು. ಕಳೆದುಹೋದರೆ ಇರಲಿ ಅಂತ ಹಿಡಿಕೆಯೊಳಗೆ ಹೆಚ್ಚಿನ ಸ್ಕ್ರೂ ಕೂಡ ಇಟ್ಟಿದ್ದರು. ಯಂತ್ರ ತಯಾರಿತ್ತು. ಬಿಚ್ಚೋಕೆ ಪಕ್ಕದಲ್ಲಿ ಕೂತು ಕಲಿಸೋ ಜನ ಇರಲಿಲ್ಲ, ಬಿಡಿಭಾಗ ಹಳ್ಳಿಗೆ ತಲುಪೋ ದಾರಿ ಇರಲಿಲ್ಲ.

ಮೇಷ್ಟ್ರು: ಸರಿ, ಬಿಚ್ಚೋದು ಅಂತ ಪದೇ ಪದೇ ಹೇಳ್ತೀಯಲ್ಲ, ಬಿಚ್ಚಿ ಏನು ಮಾಡ್ತಾರೆ? ನನಗೆ ಪಾಠದ ಹಾಗೆ ಹೇಳು.

ಶಿಷ್ಯೆ: ಮೊದಲು ವೈರ್ ಕಿತ್ತು ಪಕ್ಕಕ್ಕಿಡೋದು. ಡೆಸ್ಕ್‌ಟಾಪ್ ಆದರೆ ಪಕ್ಕದ ತಗಡು ತೆಗೆದು ಅಂಗಳಕ್ಕೆ ಒಯ್ದು ಬ್ಲೋವರ್‌ನಲ್ಲಿ ಧೂಳು ಊದಿಸೋದು. ಫ್ಯಾನಿನ ಎಲೆಗಳಿಗೆ, ಹೀಟ್‌ಸಿಂಕ್‌ನ ಸಂದಿಗಳಿಗೆ ಕಂಬಳಿ ಹಾಗೆ ಅಂಟಿರುತ್ತೆ. ಯಂತ್ರ ಅರ್ಧ ಗಂಟೆ ನಡೆದು ತಾನೇ ಆರಿಹೋಗ್ತಿದ್ದರೆ ಬಹಳ ಸಲ ಕಾರಣ ಇದೇ, ಬಿಸಿ. ಪ್ರೊಸೆಸರ್ ಮೇಲೆ, ಹೀಟ್‌ಸಿಂಕ್ ಕೆಳಗೆ ಒಂದು ತೆಳ್ಳನೆ ಪೇಸ್ಟ್ ಇರುತ್ತೆ. ವರ್ಷಗಟ್ಟಲೆ ಕಾದು ಅದು ಒಣಗಿ ಸುಣ್ಣದ ಹಾಗೆ ಆಗಿರುತ್ತೆ. ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಸಣ್ಣ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಚ್ಚಬೇಕು.

ಮೇಷ್ಟ್ರು: ನಿಲ್ಲು. ಎರಡು ಲೋಹ ಒಂದಕ್ಕೊಂದು ಕೂತಿರೋವಾಗ ನಡುವೆ ಪೇಸ್ಟ್ ಯಾಕೆ?

ಶಿಷ್ಯೆ: ನೀವೇ ಹೇಳಿ ಮೇಷ್ಟ್ರೇ, ಎಂಟನೇ ಕ್ಲಾಸಲ್ಲಿ ನಮಗೆ ಹೇಳಿಕೊಟ್ಟದ್ದು.

ಮೇಷ್ಟ್ರು: ಕಣ್ಣಿಗೆ ನುಣುಪು ಕಂಡರೂ ಲೋಹದ ಮೈಯಲ್ಲಿ ತಗ್ಗು-ದಿಬ್ಬ ಇರುತ್ತೆ. ಆ ತಗ್ಗಲ್ಲಿ ಗಾಳಿ. ಗಾಳಿ ಶಾಖದ ಕೆಟ್ಟ ವಾಹಕ. ಆ ಗಾಳಿಯನ್ನ ಓಡಿಸೋಕೆ ಪೇಸ್ಟ್. ಭೇಷ್! ಇದನ್ನ ಹಲಗೆ ಮೇಲೆ ಬರೆದು ಹೇಳೋದಕ್ಕೂ ಬೆರಳಲ್ಲಿ ಹಚ್ಚಿ ತಿಳಿಯೋದಕ್ಕೂ ಬಹಳ ದೂರ ಇದೆ ಕಣಮ್ಮ.

ಶಿಷ್ಯೆ: ಇನ್ನೂ ಇದೆ. ಕೆಲವು ಯಂತ್ರ ಆನ್ ಮಾಡಿದ ತಕ್ಷಣ ಬೀಪ್ ಬೀಪ್ ಅನ್ನುತ್ತೆ, ಪರದೆ ಕಪ್ಪು. ಸತ್ತಿದೆ ಅಂತ ಬರೆದು ಬಿಸಾಡಿದವು ಇವೇ ಜಾಸ್ತಿ. ಆ ಬೀಪು ಯಂತ್ರ ಹೇಳೋ ದೂರು. ಎಷ್ಟು ಸಲ, ಎಷ್ಟು ಉದ್ದ ಅನ್ನೋದರಲ್ಲಿ ರ‍್ಯಾಮ್ ಕೆಟ್ಟಿದೆಯಾ, ಡಿಸ್‌ಪ್ಲೇನಾ ಅನ್ನೋ ಸುಳಿವು ಇರುತ್ತೆ. ರ‍್ಯಾಮ್ ಪಟ್ಟಿ ಕಿತ್ತು ನೋಡಿದರೆ ಅದರ ಚಿನ್ನದ ಬಣ್ಣದ ಅಂಚು ಮಂಕಾಗಿರುತ್ತೆ. ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ, ಒರೆಸಿ, ಟಕ್ ಅಂತ ಶಬ್ದ ಬರೋವರೆಗೂ ಒತ್ತಿ ಕೂರಿಸಿದರೆ ಎಷ್ಟೋ ಯಂತ್ರ ಎದ್ದು ಕೂರುತ್ತೆ. ಮೊದಲನೇ ಸಲ ಹಾಗೆ ಪರದೆ ಬೆಳಗಿದಾಗ ಮಕ್ಕಳ ಮುಖ ನೋಡಬೇಕು ನೀವು. ಐದು ರೂಪಾಯಿ ರಬ್ಬರಲ್ಲಿ ಕಂಪ್ಯೂಟರ್ ನಡೆಸಿದೆ ಅಂತ ಮನೇಲಿ ಹೇಳಿದರೆ ಅಪ್ಪ ಅಮ್ಮ ನಂಬಲ್ಲ.

ಆಮೇಲೆ ಬಟನ್ ಸೆಲ್. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟ್‌ನ ಸೆಲ್ ಇರುತ್ತೆ. ಅದು ಮುಗಿದರೆ ಕಂಪ್ಯೂಟರ್ ತಾರೀಖು ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ. ತಾರೀಖು ತಪ್ಪಾದರೆ ಬ್ಯಾಂಕು, ಸರ್ಕಾರಿ ಪೋರ್ಟಲ್ಲು ಯಾವುದೂ ತೆರೆಯಲ್ಲ. ಭದ್ರತೆಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತಲ್ಲ, ಅದು ಈ ತಾರೀಖಿಗೆ ತಾಳೆಯಾಗಲ್ಲ. ಜನ ಏನಂದುಕೊಳ್ತಾರೆ? ಇಂಟರ್‌ನೆಟ್ ಕೆಟ್ಟಿದೆ, ವೈರಸ್ ಹೊಕ್ಕಿದೆ ಅಂತ. ಕೆಟ್ಟದ್ದು ಗೋಡೆ ಗಡಿಯಾರದ ಅಂಗಡಿಯಲ್ಲಿ ಸಿಗೋ ಒಂದು ಸೆಲ್.

ಕೊನೆಗೆ ಹಾರ್ಡ್ ಡಿಸ್ಕ್. ತಿರುಗೋ ತಟ್ಟೆಯ ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ, ರ‍್ಯಾಮ್ 4 ಜಿಬಿ ಇದ್ದದ್ದನ್ನ 8 ಮಾಡಿದರೆ, ಹತ್ತು ವರ್ಷದ ಯಂತ್ರ ಕೂಡ ಓದು-ಬರಹಕ್ಕೆ ಧಾರಾಳವಾಗಿ ಆಗುತ್ತೆ. ಇವೆರಡೇ ಹೆಚ್ಚು ದುಡ್ಡು ಕೊಟ್ಟು ತರಬೇಕಾದವು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತೆ. ಮಕ್ಕಳನ್ನೇ ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಬೇಕು. ಸಾದರ ಪತ್ರಪ್ಪ ರಸ್ತೆಯ ಆ ಸಣ್ಣ ಅಂಗಡಿಗಳಲ್ಲಿ ಕಣ್ಣಿಗೆ ಗಾಜು ಕಟ್ಕೊಂಡು ಬೋರ್ಡ್ ಬೆಸುಗೆ ಹಾಕೋರು ಎಂಥಾ ಕುಶಲಿಗಳು! ಅವರಲ್ಲಿ ಬಹಳ ಜನ ಕಾಲೇಜು ಕಂಡಿಲ್ಲ. ಕೈಕೆಲಸಕ್ಕೂ ತಲೆಗೆಲಸಕ್ಕೂ ನಡುವೆ ಗೋಡೆ ಇಲ್ಲ ಅಂತ ಮಕ್ಕಳು ಕಣ್ಣಾರೆ ನೋಡಲಿ.

ಮೇಷ್ಟ್ರು: ಅಪಾಯ? ಅದನ್ನೂ ಹೇಳು. ಒಂದು ಮಗುವಿಗೆ ಶಾಕ್ ಹೊಡೆದರೆ ಆ ಊರಲ್ಲಿ ನಿನ್ನ ಯೋಜನೆ ಮುಗೀತು, ನನ್ನ ನೌಕರಿಯೂ ಮುಗೀತು.

ಶಿಷ್ಯೆ: ಅದಕ್ಕೆ ರಾಜಿಯಿಲ್ಲದ ಎರಡು ನಿಯಮ ಇದೆ. ಯಂತ್ರಕ್ಕೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಡಬ್ಬಿ ಯಾರೂ ಬಿಚ್ಚೋ ಹಾಗಿಲ್ಲ. ಕೆಟ್ಟರೆ ಇಡಿಯಾಗಿ ಬದಲಾಯಿಸೋದು. ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಮೇಷ್ಟ್ರು: ಮನೆ ಕರೆಂಟ್ 230, ಅದರ ಶೃಂಗ ಸುಮಾರು 325. ಪಿಯುಸಿಯಲ್ಲಿ ಬರೋ ಲೆಕ್ಕ. ಹೂಂ, ಎರಡನೇದು?

ಶಿಷ್ಯೆ: ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದು ಹಳ್ಳಿಗೆ ಬರೋದೇ ಇಲ್ಲ. ಲಿಥಿಯಂ ಬ್ಯಾಟರಿ ಚುಚ್ಚಿಹೋದರೆ ಹೊತ್ತಿಕೊಳ್ಳಬಹುದು. ಅದನ್ನ ಬೆಂಗಳೂರಲ್ಲೇ ಬೇರೆ ಮಾಡಿ ಮರುಬಳಕೆ ಘಟಕಕ್ಕೆ ಕಳಿಸ್ತೀವಿ.

ಮೇಷ್ಟ್ರು: ಈಗ ಕೊಡೋರ ವಿಷಯಕ್ಕೆ ಬಾ. ನನಗೆ ದಾನಿಗಳ ಮೇಲೆ ಅಷ್ಟು ಭರವಸೆ ಇಲ್ಲ. ಬಂದು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಮಾನಿಟರ್ ಮೇಲೆ ಇಷ್ಟಗಲ ಹೆಸರು ಅಂಟಿಸಿ ಹೋಗ್ತಾರೆ. ಆ ಹೆಸರಿನ ಕೆಳಗೆ ಕೂತು ಮಗು ಓದಬೇಕು.

ಶಿಷ್ಯೆ: ಸ್ಟಿಕ್ಕರ್ ಇಲ್ಲ, ಸಮಾರಂಭ ಇಲ್ಲ ಅಂತ ಮೊದಲೇ ಹೇಳ್ತೀನಿ. ಅದಕ್ಕೆ ಹಿಂದೆ ಸರಿದವರೂ ಇದ್ದಾರೆ, ಸರೀಲಿ. ಅದಕ್ಕಿಂತ ಕಷ್ಟ ಕೊಡೋರು ಬೇರೆ. ಇಪ್ಪತ್ತು ವರ್ಷದ ಡಬ್ಬ ಮಾನಿಟರು, ಪುಡಿಯಾದ ಕೀಬೋರ್ಡು, ಒಳಗಿನದೆಲ್ಲ ಕಿತ್ತುಕೊಂಡು ಬರೀ ತಗಡು, ಇವನ್ನ ದಾನ ಅಂತ ಕಳಿಸ್ತಾರೆ. ಕಸ ವಿಲೇವಾರಿಗೆ ಖರ್ಚಾಗುತ್ತೆ, ದಾನಕ್ಕೆ ಹೊಗಳಿಕೆ ಸಿಗುತ್ತೆ. ಹಾಗೆ ಬಂದ ಕಸ ಹಳ್ಳಿಗೆ ಮುಟ್ಟಿದರೆ ಏನಾಗುತ್ತೆ? ಗುಜರಿಗೆ ಹೋಗುತ್ತೆ, ತಾಮ್ರಕ್ಕಾಗಿ ಯಾರೋ ವೈರ್ ಸುಡ್ತಾರೆ, ಆ ಹೊಗೆಯನ್ನ ಅದೇ ಊರಿನ ಕೂಸು ಕುಡಿಯುತ್ತೆ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ 22.3 ಪಾಲು ಮಾತ್ರ ಅಂತ ವಿಶ್ವಸಂಸ್ಥೆಯವರ ವರದಿ. ಹಾಗಾಗಿ ನಮ್ಮಲ್ಲಿ ಸರಿಹೋಗದ್ದನ್ನ ಪರವಾನಗಿ ಇರೋ ಘಟಕಕ್ಕೇ ಕೊಡೋದು. ನಿಮ್ಮ ತುಮಕೂರು ರಸ್ತೆಯಲ್ಲೇ, ದಾಬಸ್‌ಪೇಟೆಯಲ್ಲಿ, ಇ-ಪರಿಸರ ಅನ್ನೋ ಘಟಕ 2005ರಿಂದ ಇದೆ. ದೇಶದಲ್ಲಿ ಇಂಥ ಅನುಮತಿ ಮೊದಲು ಪಡೆದದ್ದೇ ಅದು. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ, ಹಳೇದನ್ನ ಸರಿಮಾಡಿ ಮತ್ತೆ ಬಳಕೆಗೆ ಬಿಡೋ ಸಂಸ್ಥೆಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.

ಮೇಷ್ಟ್ರು: ಒಳ್ಳೇ ಯಂತ್ರ ಇರೋರು ಯಾಕೆ ಕೊಡಲ್ಲ?

ಶಿಷ್ಯೆ: ಭಯ. ಒಳಗಿರೋ ಮಾಹಿತಿ ಎಲ್ಲಿ ಹೋಗುತ್ತೋ ಅಂತ. ಭಯ ಸರಿಯಾದದ್ದೇ. ಡಿಲೀಟ್ ಒತ್ತಿದರೆ ಫೈಲು ಹೋಗಲ್ಲ, ಅದು ಎಲ್ಲಿದೆ ಅನ್ನೋ ಸೂಚಿ ಮಾತ್ರ ಅಳಿಯುತ್ತೆ. ತಿಳಿದವರು ಹಿಂದಕ್ಕೆ ತೆಗೀಬಹುದು. ಅದಕ್ಕೇ ಡಿಸ್ಕ್ ಉದ್ದಕ್ಕೂ ಸೊನ್ನೆ ಬರೆದು ಮುಚ್ಚಬೇಕು, ಎಸ್‌ಎಸ್‌ಡಿ ಆದರೆ ಅದರದೇ ಅಳಿಸೋ ಆಜ್ಞೆ ಕೊಡಬೇಕು, ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಬರೆದು ದಾನಿಗೆ ಪತ್ರ ಕೊಡಬೇಕು. ಇದು ಯಂತ್ರ ಬೆಂಗಳೂರು ಬಿಡೋ ಮುಂಚೆಯೇ ಮುಗಿದಿರಬೇಕು. ಹೀಗೆ ಅಳಿಸಿ ಕೊಡೋರು ಇದ್ದಾರೆ ಅಂತ ಗೊತ್ತಿಲ್ಲದೆ ಎಷ್ಟು ಕಡೆ ಒಳ್ಳೆ ಯಂತ್ರಗಳನ್ನ ಪುಡಿ ಮಾಡಿಸ್ತಾರೆ! ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದವರು 2004ರಲ್ಲಿ ಲೆಕ್ಕ ಹಾಕಿದ್ದರು: ಆ ಕಾಲದ ಒಂದು ಕಂಪ್ಯೂಟರ್ ಮತ್ತು ಮಾನಿಟರ್ ತಯಾರಾಗಬೇಕಾದ್ರೆ 240 ಕೆ.ಜಿ. ಇಂಧನ, 22 ಕೆ.ಜಿ. ರಾಸಾಯನಿಕ, ಒಂದೂವರೆ ಟನ್ ನೀರು. ಮಧುಗಿರಿ ಸೀಮೆಯ ನಿಮಗೆ ಒಂದೂವರೆ ಟನ್ ನೀರು ಅಂದ್ರೇನು ಅಂತ ನಾನು ಹೇಳಬೇಕಿಲ್ಲ.

ಮೇಷ್ಟ್ರು: ಬೇಡ. ಸಾವಿರ ಅಡಿ ಕೊರೆದರೂ ಸಿಗದ ನೀರು. ಸರಿ, ವಿಂಡೋಸ್ ಇಲ್ಲ ಅಂದೆ. ಮತ್ತೆ ಏನು ಹಾಕ್ತೀಯ?

ಶಿಷ್ಯೆ: ಲಿನಕ್ಸ್. ಮಿಂಟ್, ಲುಬುಂಟು, ಡೆಬಿಯನ್, ಯಂತ್ರದ ಶಕ್ತಿ ನೋಡಿ ಒಂದು. ಬಿಟ್ಟಿ ಅನ್ನೋದು ಸಣ್ಣ ಕಾರಣ. ಒಳಗೆ ಏನಿದೆ ಅಂತ ನೋಡಬಹುದು, ತಿದ್ದಬಹುದು, ಪಕ್ಕದವರಿಗೆ ಹಂಚಬಹುದು. ತಗಡು ಬಿಚ್ಚಿದ ಮಗುವಿಗೆ ತಂತ್ರಾಂಶಕ್ಕೆ ಬೀಗ ಹಾಕಿ ಕೊಟ್ಟರೆ ಹೇಗೆ?

ಮೇಷ್ಟ್ರು: ಇಲ್ಲಿ ನಾನು ಒಪ್ಪಲ್ಲ. ಆಫೀಸುಗಳಲ್ಲೆಲ್ಲ ವಿಂಡೋಸು, ವರ್ಡು, ಎಕ್ಸೆಲ್ಲು. ನಮ್ಮ ಮಕ್ಕಳಿಗೆ ಮಾತ್ರ ಬೇರೇದು ಕಲಿಸಿ, ನಾಳೆ ಕೆಲಸಕ್ಕೆ ಹೋದಾಗ "ಇದು ಗೊತ್ತಿಲ್ಲ" ಅಂತ ನಿಲ್ಲಿಸಬೇಕಾ? ಬಡವರ ಮಕ್ಕಳ ಮೇಲೆ ಪ್ರಯೋಗ ಮಾಡೋದು ಸುಲಭ.

ಶಿಷ್ಯೆ: ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಲಿಸ್ತಿವೆ. ಅಲ್ಲಿನ ಮಕ್ಕಳು ಹಿಂದೆ ಬಿದ್ದಿಲ್ಲ. 2018ರಲ್ಲಿ "ಲಿಟಲ್ ಕೈಟ್ಸ್" ಅಂತ ಹೈಸ್ಕೂಲು ಮಕ್ಕಳ ಕೂಟ ಶುರುಮಾಡಿದರು, ಸುಮಾರು 2,000 ಶಾಲೆಗಳಲ್ಲಿ. ಅನಿಮೇಷನ್, ಮಲಯಾಳಂ ಟೈಪಿಂಗ್, ಜೊತೆಗೆ ಹಾರ್ಡ್‌ವೇರ್ ಕೂಡ ಕಲೀತಾರೆ. ಪಕ್ಕದ ರಾಜ್ಯಕ್ಕೆ ಆದದ್ದು ನಮಗೆ ಯಾಕಾಗಲ್ಲ? ಲಿಬ್ರೆ ಆಫೀಸ್‌ನಲ್ಲಿ ಪಟ್ಟಿ ಮಾಡೋಕೆ ಬಂದೋಳಿಗೆ ಎಕ್ಸೆಲ್ ಎರಡು ವಾರದ ಕೆಲಸ.

ಮೇಷ್ಟ್ರು: ಎರಡು ವಾರ ಅಂತ ನೀನು ಹೇಳ್ತೀಯ. ಇಂಟರ್‌ವ್ಯೂನಲ್ಲಿ ಎದುರಿಗೆ ಕೂತೋನು ಎರಡು ವಾರ ಕಾಯಲ್ಲ. ಕೊನೇಪಕ್ಷ ನನ್ನ ಹಳೇ ರೂಮಿನ ಯಂತ್ರಗಳಲ್ಲಿ ಎರಡರಲ್ಲಿ ವಿಂಡೋಸ್ ಇರಲಿ, ಅಭ್ಯಾಸಕ್ಕೆ.

ಶಿಷ್ಯೆ: ಇರಲಿ. ಅವಕ್ಕೆ ಪರವಾನಗಿ ಹೇಗೂ ಇದೆ, ಇಂಟರ್‌ನೆಟ್ ಜೋಡಿಸದೆ ಅಭ್ಯಾಸಕ್ಕೆ ಇಡೋಣ.

ಮೇಷ್ಟ್ರು: ಕನ್ನಡ?

ಶಿಷ್ಯೆ: ಲಿನಕ್ಸ್‌ನಲ್ಲಿ ಕನ್ನಡ ಹೊರಗಿನಿಂದ ತಂದು ಹಾಕೋ ಹಾಗಿಲ್ಲ, ಒಳಗೇ ಇದೆ. ಕೆ.ಪಿ. ರಾವ್ ರೂಪಿಸಿದ ಜಾಡಿನ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತೆ, ಆರಿಸಿದರಾಯ್ತು. ಯೂನಿಕೋಡ್ ಆದ್ದರಿಂದ ಇಲ್ಲಿ ಟೈಪ್ ಮಾಡಿದ್ದು ಬೇರೆ ಕಡೆ ಚೌಕ ಚೌಕ ಕಾಣೋ ಗೋಳಿಲ್ಲ. ನೆಟ್ ಇಲ್ಲದ ಊರಿಗೆ ಕಿವಿಕ್ಸ್ ಅಂತ ಒಂದಿದೆ. ಕನ್ನಡ ವಿಕಿಪೀಡಿಯ ಪೂರ್ತಿ ಡಿಸ್ಕ್‌ನಲ್ಲೇ ಇಟ್ಟುಕೊಂಡು ಓದಬಹುದು. ಆಮೇಲೆ ಅಲ್ಲಿ ನಿಮ್ಮ ಮಧುಗಿರಿ ಬೆಟ್ಟದ ಬಗ್ಗೆ ಬರೆದದ್ದು ಸಾಲದು ಅನ್ನಿಸಿದರೆ ಮಕ್ಕಳೇ ಸೇರಿಸಲಿ.

ಮೇಷ್ಟ್ರು: ಈ ಹುಡುಗರೇ ಸರಿಮಾಡೋ ಪದ್ಧತಿ ಎಲ್ಲಾದರೂ ನಿಂತಿದೆಯಾ, ಅಥವಾ ನಿನ್ನ ಆಸೆ ಮಾತ್ರವಾ?

ಶಿಷ್ಯೆ: ನಿಂತಿದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಲ್ಲಿ 2000ದಲ್ಲಿ "ಫ್ರೀ ಗೀಕ್" ಶುರುವಾಯ್ತು. ಅವರು ಬಹಳ ಕಾಲ ಇಟ್ಟುಕೊಂಡಿದ್ದ ಕ್ರಮ ನನಗೆ ತುಂಬ ಹಿಡಿಸಿತು. ಕಂಪ್ಯೂಟರ್ ಬೇಕಾದೋರು ದುಡ್ಡು ಕೊಡಬೇಕಿಲ್ಲ, ಅಲ್ಲಿ ಬಂದು 24 ಗಂಟೆ ದುಡಿಯಬೇಕು. ಬಂದ ಸಾಮಾನು ವಿಂಗಡಿಸೋದು, ಬಿಚ್ಚೋದು, ಏನಾದರೂ ಸರಿ. ಇನ್ನೊಂದು ದಾರಿ ಕಟ್ಟೋದು ಕಲಿಯೋದು. ಐದು ಕಂಪ್ಯೂಟರ್ ಬೇರೆಯವರಿಗೆ ಕಟ್ಟಿಕೊಟ್ಟರೆ ಆರನೇದು ಕಟ್ಟಿದವನ ಸ್ವಂತ. ಕೆನಡಾದಲ್ಲಿ ಸರ್ಕಾರವೇ 1993ರಿಂದ ಶಾಲೆಗಳಿಗಾಗಿ ಇಂಥ ಕೆಲಸ ನಡೆಸ್ತಿದೆ, ರಿಪೇರಿಗೆ ಕೆಲಸ ಕಲಿಯೋ ಯುವಕರನ್ನೇ ಸಂಬಳ ಕೊಟ್ಟು ಇಟ್ಕೊಳ್ತಾರೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ನಡೀತು. ಸ್ವತಂತ್ರ ತಂತ್ರಾಂಶದ ಗೆಳೆಯರು ಕೊಟ್ಟ ಹಳೇ ಕಂಪ್ಯೂಟರುಗಳು, ಲಿನಕ್ಸ್, ಸಂಜೆ ಪಾಠ. ಅಲ್ಲಿ ಕಲಿತ ಹುಡುಗರೇ ಕಿರಿಯರಿಗೆ ಕಲಿಸೋಕೆ ನಿಂತರು, ಜಿಂಪ್ ಅನ್ನೋ ತಂತ್ರಾಂಶದಲ್ಲಿ ಚಿತ್ರ ಬರೆದರು.

ಮೇಷ್ಟ್ರು: ಕಲಿತವರೇ ಕಲಿಸೋಕೆ ನಿಂತರು ಅಂದೆಯಲ್ಲ, ನನಗೆ ಬೇಕಾದ್ದು ಅದು. ಹೊರಗಿನಿಂದ ಬಂದ ಮೇಷ್ಟ್ರು ಹೋಗ್ತಾನೆ. ಊರಿನ ಹುಡುಗಿ ಇರ್ತಾಳೆ, ಕೊನೇಪಕ್ಷ ಮದುವೆವರೆಗೂ ಇರ್ತಾಳೆ. ಅಷ್ಟರಲ್ಲಿ ಇನ್ನಿಬ್ಬರಿಗೆ ಹೇಳಿಕೊಟ್ಟಿರ್ತಾಳೆ.

ಶಿಷ್ಯೆ: ಮೊದಲ ತಂಡದಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದ ಹಾಗೆ ಹುಡುಗಿಯರು ಇರಬೇಕು. ಇದು ನನ್ನ ಷರತ್ತು. ಸ್ಕ್ರೂಡ್ರೈವರ್ ಮೊದಲು ಅವರ ಕೈಗೆ. ಹುಡುಗರ ಕೈಗೆ ಕೊಟ್ಟರೆ ಅವರು ಬಿಚ್ತಾರೆ, ಇವರು ಟಾರ್ಚ್ ಹಿಡ್ಕೊಂಡು ನಿಲ್ತಾರೆ. ನಾನು ಎಷ್ಟೋ ಕಡೆ ನೋಡಿದ್ದೀನಿ.

ಮೇಷ್ಟ್ರು: ಒಪ್ಪಿದೆ. ಆದರೆ ನಮ್ಮ ಕರೆಂಟ್ ನಿನಗೆ ಗೊತ್ತಲ್ಲ.

ಶಿಷ್ಯೆ: ಅದಕ್ಕೇ ಲ್ಯಾಪ್‌ಟಾಪ್ ಹೆಚ್ಚು ಕೇಳ್ತೀನಿ. ಬ್ಯಾಟರಿ ಅರ್ಧ ಸತ್ತಿದ್ದರೂ ಕರೆಂಟ್ ಹೋದಾಗ ಬರೆದದ್ದನ್ನ ಉಳಿಸಿಕೊಳ್ಳೋಕೆ ಸಮಯ ಕೊಡುತ್ತೆ. ಡೆಸ್ಕ್‌ಟಾಪ್ ಎಳೆಯೋದರಲ್ಲಿ ಮೂರನೇ ಒಂದು ಪಾಲು ಕರೆಂಟ್ ಸಾಕು. ನಿಮ್ಮ ಕಡೆಯಿಂದ ಬೇಕಾದ್ದು, ಆ ರೂಮಿಗೆ ಸರಿಯಾದ ಅರ್ಥಿಂಗ್, ನಾಲ್ಕು ಉದ್ದ ಮೇಜು, ಸಂಜೆ ಎರಡು ಗಂಟೆ ಹೊತ್ತು.

ಮೇಷ್ಟ್ರು: ರೂಮ್ ಕೊಡ್ತೀನಿ. ಇಲಾಖೆಗೆ ನಾನೇ ಬರೀತೀನಿ, ಹಳೇ ಯಂತ್ರಗಳನ್ನ ರಿಪೇರಿ ಪಾಠಕ್ಕೆ ಬಳಸೋಕೆ ಅನುಮತಿ ಕೇಳ್ತೀನಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅದೇ ಅರಿವು ಕೇಂದ್ರದಲ್ಲೂ ಎರಡು ಯಂತ್ರ ಮಲಗಿವೆ ಅಂತ ಕೇಳಿದ್ದೀನಿ, ನಮ್ಮ ಮಕ್ಕಳೇ ಹೋಗಿ ನೋಡಿ ಬರಲಿ. ಒಂದರಲ್ಲಿ ಮಾತ್ರ ನನ್ನ ಮನಸ್ಸು ಒಪ್ತಿಲ್ಲ. ಆರನೇದು ಕಟ್ಟಿದವರ ಸ್ವಂತ ಅಂದೆಯಲ್ಲ, ಅದು ಮನೆಗೆ ಹೋದರೆ ಉಳಿಯಲ್ಲ. ಬಡ ಮನೆ. ಆಸ್ಪತ್ರೆ ಖರ್ಚು ಬಂತು, ಬೀಜ-ಗೊಬ್ಬರ ತರಬೇಕು, ಮಾರಿಬಿಡ್ತಾರೆ. ಶಾಲೇಲೇ ಇರಲಿ, ಎಲ್ಲರಿಗೂ ಆಗುತ್ತೆ.

ಶಿಷ್ಯೆ: ಕೆಲವರು ಮಾರ್ತಾರೆ ಮೇಷ್ಟ್ರೇ. ಅಂಥ ಕಷ್ಟ ಬಂದಾಗ ಮಾರೋಕೆ ಒಂದು ವಸ್ತು ಆ ಮನೇಲಿದೆ ಅಂದ್ರೆ ಅದನ್ನ ತಪ್ಪು ಅಂತ ನಾನು ಹೇಳಲಾರೆ. ಕಂಪನಿಯಲ್ಲಿ ಕೆಲಸ ಮಾಡೋಳು ತನ್ನ ಲ್ಯಾಪ್‌ಟಾಪ್ ಮಾರಿದರೆ ಯಾರೂ ಕೇಳಲ್ಲ. ಇವಳೂ ದುಡಿದು ಪಡೆದಿದ್ದಾಳೆ. ಐದು ಯಂತ್ರ ಶಾಲೆಗೆ ಕಟ್ಟಿಕೊಟ್ಟಿದ್ದಾಳೆ. ಮಾರಿಕೊಂಡೋಳು ಬೇಕಾದ್ರೆ ಮತ್ತೆ ಬಂದು ಐದು ಕಟ್ಟಲಿ, ಇನ್ನೊಂದು ತಗೊಳ್ಳಲಿ. ಕಟ್ಟೋದು ಅವಳಿಗೆ ಬರುತ್ತಲ್ಲ.

ಮೇಷ್ಟ್ರು: ಐದು ಶಾಲೆಗೆ, ಒಂದು ಮನೆಗೆ.

ಶಿಷ್ಯೆ: ಹೂಂ.

ಮೇಷ್ಟ್ರು: ಯಾರಾದರೂ ಬಂದು, ಇದು ಶಾಲೆ ಆಸ್ತಿ, ಹುಡುಗಿ ಮನೇಲಿ ಯಾಕಿದೆ ಅಂತ ಕೇಳಿದರೆ?

ಶಿಷ್ಯೆ: ಅದಕ್ಕೆ ರಶೀದಿ ಪುಸ್ತಕ ಬೇರೆ ಇಡೋಣ. ಅವಳ ಆರನೇ ಯಂತ್ರ ಶಾಲೆಯ ರಿಜಿಸ್ಟರಿಗೆ ಸೇರೋದೇ ಬೇಡ, ನಮ್ಮ ಸಂಸ್ಥೆಯಿಂದ ನೇರವಾಗಿ ಅವಳಿಗೆ. ಮಾಡೆಲ್, ಸೀರಿಯಲ್ ನಂಬರ್, ಏನೇನು ಬದಲಾಯಿಸಿದಳು, ಎಷ್ಟು ಗಂಟೆ ಕೆಲಸ ಮಾಡಿದಳು, ಎಲ್ಲ ಅದರಲ್ಲಿ ಇರಲಿ.

ಮೇಷ್ಟ್ರು: ರಶೀದಿ ಅಪ್ಪನ ಹೆಸರಿಗೆ ಬರೀಬೇಡ. ಹುಡುಗಿ ಹೆಸರಿಗೇ ಬರಿ. ಕೆಳಗೆ ಸಾಕ್ಷಿ ಸಹಿ ನಾನು ಹಾಕ್ತೀನಿ. ಸೋಮವಾರ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸ್ತೀನಿ, ಎಷ್ಟು ಯಂತ್ರ ಕಳಿಸ್ತೀಯ ಅಂತ ಅಷ್ಟರೊಳಗೆ ಹೇಳು.